ಟೈರ್ ಗಾಡಿಯ ಹದಿನೈದು ದಿನ

ಹಾವಿಗೆ ಹೆದರುವವರುಂಟು, ಪೊಲೀಸರಿಗೆ ಹೆದರುವವರುಂಟು. ಬಿಳಿಗೆರೆಯ ಸಣ್ಣತಿಮ್ಮಯ್ಯ ತನ್ನ ಐವತ್ತನೇ ವಯಸ್ಸಿನಲ್ಲಿ ಒಂದು ಇಳಿಜಾರಿಗೆ ಹೆದರತೊಡಗಿದ. ತಿಪಟೂರಿನ ದಾರಿಯಲ್ಲಿ, ಊರಾಚೆ ಕೆರೆಯತ್ತ ಇಳಿಯುವ ರಸ್ತೆ ಅದು. ಬಲಕ್ಕೆ ಆಳದ ನೀರು, ಎಡಕ್ಕೆ ತೆಂಗಿನ ತೋಟ, ತುದಿಯಲ್ಲೊಂದು ತಿರುವು. ಮೂವತ್ತು ವರ್ಷ ಅರೆನಿದ್ದೆಯಲ್ಲೇ ಅಲ್ಲಿ ಗಾಡಿ ಇಳಿಸಿದ ಮನುಷ್ಯನಿಗೆ ಈಗ ಅದರ ನೆನಪಾದರೆ ಸಾಕು, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದ.

ಎಪ್ಪತ್ನಾಲ್ಕನೇ ಇಸವಿಯ ಮಾತು. ಪೆಟ್ರೋಲಿನ ಬೆಲೆ ಗಗನಕ್ಕೇರಿತ್ತು. ಹತ್ತು ಜನ ಒಂದೇ ಬಾಡಿಗೆ ಕಾರಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ತಿಪಟೂರಿಗೆ ಹೋಗುತ್ತಿದ್ದ ವೈಭೋಗ ಮುಗಿದಿತ್ತು. ಆಗ ಸರ್ಕಾರದ ಕಡೆಯಿಂದ ಒಬ್ಬ ಎಂಜಿನಿಯರ್ ಹೊಸ ಗಾಡಿಯೊಂದನ್ನು ತಂದ. ಎತ್ತಿನ ಗಾಡಿಯೇ, ಆದರೆ ಮರದ ಚಕ್ರವಿಲ್ಲ, ಕಬ್ಬಿಣದ ಪಟ್ಟಿಯಿಲ್ಲ. ರಬ್ಬರ್ ಟೈರು, ಒಳಗೆ ಬೇರಿಂಗು, ಮೇಲೆ ಎಂಟು ಜನರಿಗೆ ಹಲಗೆ. ಹದಿನೈದು ದಿನ ಓಡಿಸಿ ನೋಡುವುದು, ಸರಿಹೋದರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಗೂ ಇಂಥವೇ ಆರು ಗಾಡಿ ಕೊಡುವುದು, ಕಾರಿನ ಹಂಗೇ ಬೇಡ ಎನ್ನುವುದು ಅವನ ಲೆಕ್ಕಾಚಾರ. ಗಾಡಿ ಹೊಡೆಯುವುದರಲ್ಲಿ ಸುತ್ತ ಏಳು ಹಳ್ಳಿಗೆ ತನ್ನ ಸಮ ಇಲ್ಲವೆಂದು ತಾನೇ ಸಾರಿಕೊಂಡು ತಿರುಗುತ್ತಿದ್ದ ಸಣ್ಣತಿಮ್ಮಯ್ಯನನ್ನು ಬಿಟ್ಟು ಆ ಕೆಲಸಕ್ಕೆ ಇನ್ನಾರನ್ನು ಕರೆಯಬೇಕು?

ಮೊದಲ ದಿನವೇ ಗೊತ್ತಾಗಿಹೋಯಿತು. ಹಳೆಯ ಗಾಡಿಯ ಕಬ್ಬಿಣದ ಪಟ್ಟಿ ಇಳಿಜಾರಿನಲ್ಲಿ ನೆಲ ಕಚ್ಚಿ ಕಿರುಗುಟ್ಟುತ್ತ ಭಾರವನ್ನು ತಾನೇ ತಡೆಯುತ್ತಿತ್ತು. ಇದು ತಡೆಯಲಿಲ್ಲ. ಸದ್ದೇ ಇಲ್ಲದೆ ಹಿಂದಿನಿಂದ ನೂಕಿತು. ನೊಗ ಎತ್ತುಗಳ ಹೆಗಲು ಬಿಟ್ಟು ಜಾರಿ ಕೊಂಬಿಗೆ ಹೋಗಿ ಒತ್ತಿತು. ಮುಂಗಾಲು ಊರಿ ತಡೆದ ಎಡಗಡೆಯ ಎತ್ತು ಮೈಲಾರಿಯ ಕಣ್ಣು ಹೊರಗೆ ಬಂದಂತೆ ಕಂಡಿತು. ಅಂದು ಕೂತಿದ್ದವರು ಮೂರೇ ಜನ, ಹಾಗಾಗಿ ಬಚಾವು. ಕೆಳಗೆ ತಲುಪಿದಾಗ ಸಣ್ಣತಿಮ್ಮಯ್ಯನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಸಂಜೆ ಎಂಜಿನಿಯರ್ ಕೇಳಿದ. "ಏನಪ್ಪಾ, ಏನಾದ್ರೂ ತೊಂದರೆ ಇದೆಯಾ? ಇದ್ರೆ ಈಗಲೇ ಹೇಳಿಬಿಡು."

ಸುತ್ತ ಊರೆಲ್ಲ ನಿಂತಿತ್ತು. ಹೆದರಿಕೆ ಆಯ್ತು ಅಂತ ಅಷ್ಟು ಜನರ ಮುಂದೆ ಬಾಯಿ ಬಿಡುವುದುಂಟೆ? "ಏನೂ ಇಲ್ಲ ಸ್ವಾಮಿ. ಬೆಣ್ಣೆ ಜಾರ್ದಂಗೆ ಜಾರ್ತದೆ," ಎಂದ. ಜಂಬದ ಕೋಳಿ, ಆ ಒಂದು ಮಾತಿನಿಂದ ಹದಿನೈದು ದಿನದ ನೆಮ್ಮದಿಯನ್ನು ತಾನೇ ತಿಂದುಹಾಕಿದ.

ಮಾರನೆಯ ದಿನದಿಂದ ಇಳಿಜಾರು ಬಂದರೆ ಕೆಳಗಿಳಿದು, ಎತ್ತುಗಳ ಮೂಗುದಾರ ಹಿಡಿದು ಹೆಜ್ಜೆ ಹೆಜ್ಜೆಗೂ ತಡೆಯುತ್ತ ನಡೆಸತೊಡಗಿದ. "ಎತ್ತಿಗೆ ಬೀಗರ ಮರ್ಯಾದೆ ಕಣ್ಲಾ!" ಎಂದು ಕೊಬ್ಬರಿ ವ್ಯಾಪಾರದ ಕರಿಬಸವಯ್ಯ ನಗುತ್ತಿದ್ದ. ನಗಲಿ. ದಿನಾ ಒಂದೊಂದು ಬೆರಳು ಮಡಿಸಿ ಸಣ್ಣತಿಮ್ಮಯ್ಯ ಹದಿನಾಲ್ಕು ದಿನ ಕಳೆದ. ಇನ್ನೊಂದು ದಿನ ದಾಟಿದರೆ ಗಾಡಿ ಕೊಟ್ಟು ಕೈ ಮುಗಿಯಬಹುದಿತ್ತು.

ಹದಿನೈದನೆಯ ದಿನ ಎಂಜಿನಿಯರ್ ತಾನೇ ಗಡಿಯಾರ ಹಿಡಿದು ಗಾಡಿಯ ಮುಂದುಗಡೆ ಮೂಕಿಮರದ ಬಳಿ, ಸಣ್ಣತಿಮ್ಮಯ್ಯನ ಪಕ್ಕ ಬಂದು ಕೂತ. ತುಂಬು ಗಾಡಿ ಎಷ್ಟು ಹೊತ್ತಿನಲ್ಲಿ ತಿಪಟೂರು ಸೇರುತ್ತದೆಂದು ಬರೆದುಕೊಳ್ಳಬೇಕಿತ್ತು. ಒಬ್ಬರು ಕಡಿಮೆ ಬಿದ್ದರು. "ನಂಗೂ ಸಂತೇಲಿ ಕೆಲ್ಸ ಐತೆ, ನಾನೇ ಬತ್ತೀನಿ ಬುಡಿ," ಎಂದು ಬುಟ್ಟಿ ಹಿಡಿದು ಬಂದವಳು ಲಕ್ಷ್ಮಕ್ಕ, ಸಣ್ಣತಿಮ್ಮಯ್ಯನ ಹೆಂಡತಿ.

ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಅವನು ನುಂಗಿಕೊಂಡ. ಯಾಕೆ ಬೇಡ ಎಂದು ಅವಳು ಕೇಳಿದರೆ ಏನೆನ್ನುವುದು? ಕೈ ಕೊಟ್ಟು ಅವಳನ್ನು ಮೇಲಕ್ಕೆಳೆದುಕೊಂಡ.

ಇಳಿಜಾರಿನ ತಲೆಗೆ ಬಂದಾಗ ಇಳಿಯಲು ಕಾಲು ಚಾಚಿದ. ಎಂಜಿನಿಯರ್ ಭುಜ ಹಿಡಿದ. "ಇಳೀಬೇಡಪ್ಪ, ಹೊತ್ತು ನೋಡ್ತಿದ್ದೀನಿ."

"ಎಲ್ರೂ ಹಿಂದಕ್ಕೆ ಸರ್ಕಳ್ಳಿ!" ಎಂದು ಸಣ್ಣತಿಮ್ಮಯ್ಯ ಕೂಗಿದ. ಎಷ್ಟು ಸರಿದರೂ ಭಾರ ಭಾರವೇ. ಗಾಡಿ ಮುಂದಕ್ಕೆ ನುಗ್ಗಿತು, ನೊಗ ಕೊಂಬಿಗೆ ಬಡಿಯಿತು. ಎತ್ತುಗಳು ಮೊದಲು ತಡೆದವು, ಆಮೇಲೆ ಜೀವ ಉಳಿಸಿಕೊಳ್ಳಲು ಓಡಿದವು. ಹೆಂಗಸರು ಚೀರಿದರು. ಆ ಚೀರಾಟದ ನಡುವೆ ಲಕ್ಷ್ಮಕ್ಕನ ದನಿಯೊಂದೇ ಅವನಿಗೆ ಬೇರೆಯಾಗಿ ಕೇಳಿಸಿತು. ತಿರುವಿನಲ್ಲಿ ನೀರು ಬಾಯಿ ತೆರೆದು ಕಾದಿತ್ತು. ಅವನು ಎಡಗಡೆಯ ಹಗ್ಗವನ್ನು ಇದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದ.

ಗಾಡಿ ತೋಟದ ಬದು ಹತ್ತಿ ತೆಂಗಿನ ಮರಕ್ಕೆ ಬಡಿದು ನಿಂತಿತು. ಕರಿಬಸವಯ್ಯನ ಮೊಣಕೈ ತರಚಿತು, ಬುಟ್ಟಿಗಳು ಚೆಲ್ಲಿದವು, ಜನ ಉಳಿದರು. ಗಾಡಿಗೂ ಮರಕ್ಕೂ ನಡುವೆ ಸಿಕ್ಕಿದ್ದು ಮೈಲಾರಿ. ಮುಂಗಾಲಿನ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಅದು ಕೂಗಲಿಲ್ಲ, ಬುಸುಗುಡುತ್ತ ಮಲಗಿತ್ತು.

ಎಂಜಿನಿಯರ್ ಪುಸ್ತಕ ತೆಗೆದ. "ಎತ್ತು ಬೆದರಿತು ಅಂತ ಬರೀತೀನಿ. ಹದಿನಾಲ್ಕು ದಿನ ಚೆನ್ನಾಗೇ ಓಡಿದೆ, ಗಾಡೀದೇನೂ ತಪ್ಪಿಲ್ಲ. ಅಲ್ವೇನಪ್ಪಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸಣ್ಣತಿಮ್ಮಯ್ಯ ಮೈಲಾರಿಯ ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡಿದ್ದ. ಬರಲಿರುವ ಆರು ಗಾಡಿಗಳು, ಯಾವುಯಾವುದೋ ಊರಿನ ಇಳಿಜಾರುಗಳು, ಆ ಗಾಡಿಗಳ ಮೇಲೆ ಕೂರುವ ಹೆಂಗಸರು ಕಣ್ಣ ಮುಂದೆ ಬಂದರು.

"ಎತ್ತು ಬೆದರ್ಲಿಲ್ಲ ಸ್ವಾಮಿ. ಗಾಡಿಗೆ ಬ್ರೇಕಿಲ್ಲ. ಇಳಿಜಾರಲ್ಲಿ ನೂಕ್ತದೆ. ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು."

ಕರಿಬಸವಯ್ಯ ಕೂಡ ನಗಲಿಲ್ಲ. ಬಿದ್ದ ಬುಟ್ಟಿಗೆ ವೀಳ್ಯದೆಲೆ ಆಯ್ದು ಹಾಕುತ್ತಿದ್ದ ಲಕ್ಷ್ಮಕ್ಕನ ಕೈ ನಿಂತಿತು.

"ಹತ್ತುವಾಗ ಕೈ ಕೊಟ್ಟು ನೀನೇ ಮೇಲಕ್ಕೆಳ್ಕಂಡೆ," ಎಂದಳು. "ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು ಕಣೇ."

ಅವಳು ಸೆರಗು ಸಿಕ್ಕಿಸಿಕೊಂಡು, ಬುಟ್ಟಿ ಸೊಂಟಕ್ಕಿಟ್ಟು ತಿಪಟೂರಿನ ಕಡೆಗೆ ನಡೆದುಬಿಟ್ಟಳು. ಎಂಜಿನಿಯರ್ ಬರೆದಿದ್ದ ಸಾಲನ್ನು ಹೊಡೆದುಹಾಕಿ ಬೇರೆ ಏನೋ ಬರೆಯುತ್ತಿದ್ದ. ಸಣ್ಣತಿಮ್ಮಯ್ಯನಿಗೆ ಅದು ಬೇಕಿರಲಿಲ್ಲ. ಗಾಡಿ ನಿಂತರೆ ಹೆದರಿಕೆಯೂ ನಿಲ್ಲುತ್ತದೆಂದು ಅವನು ತಿಳಿದಿದ್ದ. ಈಗ ಹೆಂಡತಿಯ ಬೆನ್ನು ನೋಡುತ್ತ, ಅವಳು ಸಂಜೆ ಮನೆಗೆ ಬಂದಾಗ ಅವಳ ಮುಖ ಹೇಗೆ ನೋಡುವುದೆಂದು ಹೊಸದಾಗಿ ಹೆದರತೊಡಗಿದ.