ವರ್ಲೀನ್ ಅತ್ತೆಯ ಬಿಳಿ ಟೊಪ್ಪಿ

ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ ಸ್ವಾಮಿ. ಹೀರೋ ಕಾಲಿಟ್ಟರೆ ಧೂಳೇಳುವ ಎಂಟ್ರಿಗಳನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಅಮೆರಿಕದ ನಮ್ಮ ಮೇಕನ್ ಊರಿನ ಟವಾರಿಸ್ ಒಂದು ಭಾನುವಾರ ಮಧ್ಯಾಹ್ನ ಒಂದೇ ಡೈಲಾಗಿಗೆ ಇಡೀ ಹೆರಿಗೆ ಆಸ್ಪತ್ರೆಯನ್ನು ಎಬ್ಬಿಸಿ ನಿಲ್ಲಿಸಿದನಲ್ಲ, ಅದರ ಮುಂದೆ ಅವೆಲ್ಲ ಬರೀ ಟ್ರೇಲರ್. ಕ್ಷೌರದಂಗಡಿಯಲ್ಲಿ ಅವನ ಪಕ್ಕದ ಕುರ್ಚಿ ನೋಡಿಕೊಳ್ಳುವವನು ನಾನು. ಸುಳ್ಳಾದರೆ ನನ್ನ ಅರ್ಧ ಮೀಸೆ ಬೋಳಿಸಿ.

ಟವಾರಿಸ್ ಹುಟ್ಟಾ ತರಲೆ. ಗಿರಾಕಿಯ ತಲೆ ಮುಗಿಸಿ, ಕನ್ನಡಿ ಕೊಡುವ ಮೊದಲು ಸುಮ್ಮನೆ "ಅಯ್ಯೋ ದೇವರೇ" ಎಂದು ನಿಟ್ಟುಸಿರು ಬಿಡುವ ಜಾತಿ. ಅವನ ಹೆಂಡತಿ ಶವಾನ್‌ಗೆ ಹೆಣ್ಣುಮಗು ಹುಟ್ಟಿ ಮೂರು ದಿನವಾಗಿತ್ತು. ಆ ಮಧ್ಯಾಹ್ನವೇ ಮನೆಗೆ ಕಳಿಸುವುದೆಂದು ಚೀಟಿಯೂ ಬರೆದಾಗಿತ್ತು. ಆದರೆ ಬೆಳಗ್ಗೆಯಿಂದ ಅವಳ ತಲೆ ಸಿಡಿಯುತ್ತಿತ್ತು. ಕಣ್ಣ ಮುಂದೆ ಮಿಣುಕು ಚುಕ್ಕಿಗಳು.

ನರ್ಸ್‌ಗೆ ಎರಡು ಸಲ ಹೇಳಿದಳು. ಮೆಲ್ಲಗೆ, ನಗುನಗುತ್ತಾ ಹೇಳಿದಳು. ಅಜ್ಜಿ ಕಲಿಸಿದ ಪಾಠ ಅದು: ಆಸ್ಪತ್ರೆಯಲ್ಲಿ ದನಿ ಏರಿಸಬೇಡ, ಏರಿಸಿದರೆ ಕರಿ ಹೆಂಗಸು ರೇಗಾಡುತ್ತಾಳೆ ಎಂದು ಬರೆದುಕೊಳ್ಳುತ್ತಾರೆ, ಆಮೇಲೆ ನಿನ್ನ ಹತ್ತಿರ ಯಾರೂ ಸುಳಿಯುವುದಿಲ್ಲ.

ನರ್ಸ್ ದಿಂಬು ಸರಿ ಮಾಡಿ, "ನಿಮ್ಮ ಕಡೆ ಹೆಣ್ಮಕ್ಳು ತುಂಬಾ ಗಟ್ಟಿ ಬಿಡಮ್ಮಾ. ಅಷ್ಟು ನೋವಿದ್ರೆ ಹಿಂಗೆ ನಗೋಕಾಗ್ತಿತ್ತಾ?" ಎಂದಳು. ಬಾಣಂತಿಗೆ ನಿದ್ದೆ ಕಮ್ಮಿ, ಅದಕ್ಕೇ ತಲೆನೋವು ಎಂದು ಒಂದು ಮಾತ್ರೆ ಕೊಟ್ಟಳು. ಬಿ.ಪಿ. ಬೆಳಗಿನ ಜಾವ ನೋಡಿದ್ದೇವಲ್ಲ, ಸರಿಯಾಗಿಯೇ ಇತ್ತು ಎಂದಳು.

ಮೆಲ್ಲಗೆ ಹೇಳಿದ್ದು ಕಿವಿಗೆ ಬೀಳಲಿಲ್ಲವೆಂದು ಟವಾರಿಸ್ ಒಂದೇ ಒಂದು ಸಲ ದನಿ ಏರಿಸಿದ. ಆರಡಿ ಎರಡಂಗುಲದ ಕರಿ ಆಸಾಮಿ. ನರ್ಸ್ ಕೈ ಫೋನಿಗೆ ಹೋಯಿತು. ಬಾಗಿಲಲ್ಲಿ ಸೆಕ್ಯೂರಿಟಿಯವನು ಬಂದು ನಿಂತ. ಹಾಸಿಗೆಯಿಂದಲೇ ಶವಾನ್ ಕಣ್ಣಲ್ಲಿ ಬೇಡ ಎಂದಳು. ಅವನು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಸೋದರತ್ತೆ ವರ್ಲೀನ್‌ಗೆ ಫೋನ್ ಹಚ್ಚಿದ.

ವರ್ಲೀನ್ ಅತ್ತೆ ವಾರದ ದಿನ ಶಾಲೆಯ ಅಡುಗೆಮನೆಯಲ್ಲಿ ಬೇಯಿಸುತ್ತಾಳೆ. ಭಾನುವಾರ ಮಾತ್ರ ನ್ಯೂ ಗಿಲಿಯಡ್ ಚರ್ಚಿನ ನರ್ಸ್. ಬಿಳಿ ಉಡುಪು, ಬಿಳಿ ಕಾಲುಚೀಲ, ಗಂಜಿ ಹಾಕಿದ ಬಿಳಿ ಟೊಪ್ಪಿ. ಹಾಡಿನ ಮಧ್ಯೆ ಮೈಮೇಲೆ ಬಂದು ಬಿದ್ದವರಿಗೆ ಗಾಳಿ ಬೀಸುವುದು, ನೀರು ಕುಡಿಸುವುದು, ಮುದುಕರ ಬಿ.ಪಿ. ನೋಡುವುದು ಅವಳ ಕೆಲಸ. ನರ್ಸಿಂಗ್ ಓದಿದವಳಲ್ಲ. ಫೋನ್ ಬಂದದ್ದೇ ಬಿ.ಪಿ. ಮಿಷನ್ನು ಕೈಚೀಲಕ್ಕೆ ತುರುಕಿ, ಬಟ್ಟೆ ಬದಲಿಸದೆ ಓಡಿಬಂದಳು.

ಬಂದವಳು ಯಾರನ್ನೂ ಕೇಳಲಿಲ್ಲ. ಶವಾನ್ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಐದು ನಿಮಿಷ ಬಿಟ್ಟು ಮತ್ತೆ ನೋಡಿದಳು. ಆಮೇಲೆ ಹೊರಗೆ ಬಂದು, ಕಾರಿಡಾರಿನಲ್ಲಿ ಹೋಗುತ್ತಿದ್ದ ಎಳೆ ಡಾಕ್ಟರನ್ನು ತಡೆದಳು. ಆ ಟೊಪ್ಪಿ ಕಂಡದ್ದೇ ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತ.

"ಮೇಡಂ, ನೀವು ಎಲ್ಲಿಂದ?"

"ನ್ಯೂ ಗಿಲಿಯಡ್. ಮೂವತ್ತೊಂದು ವರ್ಷದ ಸರ್ವಿಸು. ನೂರಾ ಎಂಬತ್ತೆರಡು, ನೂರಾ ಹದಿನಾಲ್ಕು. ಎರಡು ಸಲ ನೋಡ್ದೆ. ಹುಡುಗಿಗೆ ತಲೆನೋವು, ಕಣ್ಣಿಗೆ ಚುಕ್ಕಿ."

ಅದೊಂದು ದೊಡ್ಡ ಆಸ್ಪತ್ರೆ ಎಂದುಕೊಂಡನೋ ಏನೋ, ಡಾಕ್ಟರ್ ಓಡಿದ. ಹತ್ತು ನಿಮಿಷದಲ್ಲಿ ಶವಾನ್ ಕೈಗೆ ಡ್ರಿಪ್ ಏರಿತು. ಸಂಜೆ ನಾಲ್ಕಕ್ಕೆ ಒತ್ತಡ ಇಳಿಯಿತು. ಮನೆಗೆ ಹೋಗಿದ್ದರೆ ದಾರಿಯಲ್ಲೇ ಫಿಟ್ಸ್ ಬಂದುಬಿಡಬಹುದಿತ್ತು ಎಂದು ಅವನೇ ಹೇಳಿದ. ಆಮೇಲೆ, ನಿಮ್ಮ ಆಸ್ಪತ್ರೆ ಯಾವ ಕಡೆ ಬರುತ್ತದೆ ಎಂದು ಅತ್ತೆಯನ್ನು ವಿನಯದಿಂದ ಕೇಳಿದ.

"ಅದು ಚರ್ಚಪ್ಪಾ. ಬುಧವಾರ ಸಂಜೆ ಬೈಬಲ್ ಓದ್ತೀವಿ, ಬಾ."

ಡಾಕ್ಟರ್ ಕಿವಿಯವರೆಗೂ ಕೆಂಪಾದ. ಶವಾನ್ ಈ ಸಲ ನಗಲಿಲ್ಲ.

"ನಾನೂ ಅದನ್ನೇ ಹೇಳಿದ್ದು ಡಾಕ್ಟ್ರೇ, ಎರಡು ಸಲ. ನನ್ನ ಹತ್ರ ಟೊಪ್ಪಿ ಇರ್ಲಿಲ್ಲ, ಅಷ್ಟೆ."

ಹಾಗಾದರೆ ಟವಾರಿಸ್‌ನ ಡೈಲಾಗ್ ಎಲ್ಲಿ ಎಂದಿರಾ? ತಗೊಳ್ಳಿ, ನನ್ನ ಮೀಸೆ ನಿಮ್ಮ ಕೈಯಲ್ಲಿದೆ. ಅವನು ಆಸ್ಪತ್ರೆಯವರಿಗೆ ಡೈಲಾಗ್ ಹೊಡೆಯಲೇ ಇಲ್ಲ. ನಾನಂತೂ ಆವತ್ತು ಅಲ್ಲಿರಲೇ ಇಲ್ಲ. ಅವನು ಹೊಡೆದ ಡೈಲಾಗ್ ಒಂದೇ, ಅದೂ ಬೆಳಗ್ಗೆ ಎಂಟಕ್ಕೆ. ಮೊನ್ನೆ ಅಂಗಡಿ ಬಾಗಿಲು ಹಾಕುವಾಗ, ಕತ್ತರಿ ಒರೆಸುತ್ತಾ ಅವನೇ ಅದನ್ನು ನನಗೆ ಹೇಳಿದ. ಶವಾನ್ ಮೊದಲು ಹೇಳಿದ್ದು ನರ್ಸ್‌ಗಲ್ಲ, ಇವನಿಗೆ: "ಲೋ, ನಿನ್ನ ಮುಖ ಅರ್ಧ ಕಾಣ್ತಿಲ್ಲ ಕಣೋ."

"ಕಾಣೋ ಅರ್ಧಕ್ಕೇ ಫಿದಾ ಆಗ್ಬಿಡು ಚಿನ್ನ" ಎಂದು ಕಾಲರ್ ಎತ್ತಿಕೊಂಡು ಇವನು ಕಾಫಿ ಕುಡಿಯಲು ಹೋಗಿದ್ದ. ನಗುತ್ತಾ ಹೇಳಿದ್ದಳಲ್ಲ, ಇವನೂ ನಂಬಿರಲಿಲ್ಲ.