ಅತ್ತೆಯ ಹೆಬ್ಬೆರಳು

ಆ ಶೆಡ್ಡಿನಲ್ಲಿ ಇದ್ದದ್ದು ಒಂದೇ ಕಾನೂನು. ಅತ್ತೆಯ ಹೆಬ್ಬೆರಳು ಮುಟ್ಟದೆ ಯಾವ ಪಪ್ಪಾಯಿಯೂ ಪೆಟ್ಟಿಗೆಗೆ ಇಳಿಯಬಾರದು. ತೊಟ್ಟಿನ ಪಕ್ಕದಲ್ಲಿ ಒಂದೇ ಸಲ ಮೆಲ್ಲಗೆ ಒತ್ತಿ, "ಇದು ಊರಿಗೆ, ಇದು ದೂರಕ್ಕೆ" ಎಂದು ಅವರು ಬೇರೆ ಮಾಡುತ್ತಿದ್ದರು. ಅವರ ಅಂದಾಜು ಸುಳ್ಳಾದದ್ದನ್ನು ಕಂಡವರಿಲ್ಲ. ಕಂಡವರಿದ್ದರೂ ಬಾಯಿ ಬಿಟ್ಟಿಲ್ಲ.

ಆದರೆ ಹಡಗಿಗೆ ಹೆಬ್ಬೆರಳಿನ ಮಾತು ಅರ್ಥವಾಗುವುದಿಲ್ಲ. ಸಮುದ್ರದಾಚೆಯ ವ್ಯಾಪಾರಿ ಇನ್ನು ಮುಂದೆ ವಿಮಾನ ಬೇಡ, ಹಡಗಿನಲ್ಲೇ ಕಳಿಸಿ ಎಂದು ಹಟ ಹಿಡಿದ. ಕಳಿಸಿದರು. ಅಲ್ಲಿ ಕಂಟೇನರಿನ ಬಾಗಿಲು ತೆಗೆದಾಗ ಪೆಟ್ಟಿಗೆಗಳಲ್ಲಿ ಇದ್ದದ್ದು ಹಳದಿ ಕೆಸರು.

ಆಗ ಬಾಯಿ ತೆರೆದವಳು ಸೊಸೆ. ಮದುವೆಗೆ ಮುಂಚೆ ಅವಳು ಪ್ರಯೋಗಾಲಯದಲ್ಲಿ, ಹಣ್ಣು ಮಾಗುವುದನ್ನು ತಡೆಹಿಡಿಯುವ ಕೆಲಸವನ್ನೇ ಮಾಡಿದವಳು. ಹಣ್ಣು ಮಾಗುವುದು ತಾನೇ ಹೊರಬಿಡುವ ಎಥಿಲೀನ್ ಅನಿಲದಿಂದ. ಒಂದು ಶುರು ಮಾಡಿದರೆ ಪಕ್ಕದ್ದೂ ಸುಮ್ಮನಿರುವುದಿಲ್ಲ. ಇನ್ನೂ ಕಾಯಿಯಾಗಿರುವಾಗಲೇ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಚಿಟಿಕೆಯಷ್ಟು ಸೋಕಿಸಿದರೆ ಆ ಎಥಿಲೀನ್ ಹುಟ್ಟುವುದೇ ತಡವಾಗುತ್ತದೆ. ಜಾಸ್ತಿಯಾದರೆ ಸಿಪ್ಪೆ ಸುಡುತ್ತದೆ. ನಡುವೆ ಹೊರಗಿನ ಗಾಳಿ ನುಗ್ಗಿದರೂ ಅನಾಹುತವೇ, ಆಮ್ಲಜನಕದ ಜೊತೆ ಸೇರಿ ಅದು ಬೇರೆಯೇ ಕಟು ಅನಿಲವಾಗಿಬಿಡುತ್ತದೆ. ಹಾಗಾಗಿ ಮೊದಲು ಕೋಣೆಗೆ ಸಾರಜನಕ ತುಂಬಿ ಗಾಳಿಯನ್ನು ಹೊರದೂಡಬೇಕು, ಕೆಲಸ ಮುಗಿಯುವವರೆಗೆ ಕದ ಮುಟ್ಟಬಾರದು.

ಶೆಡ್ಡಿನ ಹಿಂದಿನ ಪಾಳುಬಿದ್ದ ಕೋಣೆಯನ್ನು ಅವಳು ಕೇಳಿ ಪಡೆದಳು. ಬಿರುಕುಗಳನ್ನು ತಾನೇ ಮೆತ್ತಿ, ಕದಕ್ಕೆ ರಬ್ಬರಿನ ಅಂಚು ಕೂರಿಸಿ, ಸಿಲಿಂಡರು, ಕೊಳವೆ, ಮೀಟರು ಎಲ್ಲ ಜೋಡಿಸಿದಳು. ಹಿಸುಕಿದ ಹಣ್ಣು ಬೇಗ ಮಾಗುತ್ತದೆಂದು, ಯಾರೂ ಒತ್ತದ ಪಪ್ಪಾಯಿಯನ್ನೇ ತೋಟದಿಂದ ನೇರವಾಗಿ ತರಿಸಿ ಒಳಗಿಟ್ಟಳು. ಕಾನೂನು ಮುರಿದದ್ದು ಅದೇ ಮೊದಲು. ಅತ್ತೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಹೆದರಬೇಕು ಎಂಬುದು ಸೊಸೆಗೆ ಇನ್ನೂ ಗೊತ್ತಿರಲಿಲ್ಲ.

ಅನಿಲದ ಕೆಲಸ ಮುಗಿದು ಕದ ತೆಗೆದಾಗ ಮುಂದಿನ ಸಾಲಿನ ಹಣ್ಣುಗಳ ಮೇಲೆಲ್ಲ ಕಂದು ಕಲೆಗಳು. ಶೆಡ್ಡಿನ ಹೆಂಗಸರು ಅಂದೇ ಅವಳಿಗೆ 'ಗ್ಯಾಸಮ್ಮ' ಎಂದು ಹೆಸರಿಟ್ಟರು. ಗಂಡ ಲಾರಿಯ ಕೆಳಗೆ ತಲೆ ತೂರಿಸಿಕೊಂಡು, ತನಗೇನೂ ಕೇಳಿಸಲಿಲ್ಲ ಎಂಬಂತೆ ನಟ್ಟು ಬಿಗಿಯುತ್ತಿದ್ದ. ಪಕ್ಕದ ಗೋದಾಮಿನ ಈರುಳ್ಳಿ ವ್ಯಾಪಾರಿ ಕೋಣೆಯನ್ನು ಬಾಡಿಗೆಗೆ ಕೇಳಿದ. ಅತ್ತೆ ಕೆಮ್ಮುತ್ತಲೇ, ನೋಡೋಣ ಎಂದರು.

ಆ ಮನೆಯಲ್ಲಿ, ಆ ಶೆಡ್ಡಿನಲ್ಲಿ, ತನ್ನದು ಅಂತ ಸೊಸೆಗಿದ್ದದ್ದು ಆ ಕೋಣೆಯೊಂದೇ. ಅದೂ ಹೋದರೆ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಸುಟ್ಟ ಹಣ್ಣನ್ನು ಅವಳು ಎಸೆಯಲು ಬಿಡಲಿಲ್ಲ. ಒಳಗೆ ಹೇಗಿದ್ದವೋ ಹಾಗೇ ನೆಲದ ಮೇಲೆ ಸಾಲಾಗಿ ಜೋಡಿಸಿ, ಮಂಡಿಯೂರಿ ಒಂದೊಂದನ್ನೇ ನೋಡಿದಳು. ಕಲೆಗಳಿದ್ದದ್ದು ಕದದ ಹತ್ತಿರದವುಗಳಿಗೆ ಮಾತ್ರ. ಹಿಂದಿನ ಸಾಲಿನವು ಹಸಿರಾಗಿ, ಗಟ್ಟಿಯಾಗಿ ಕೂತಿದ್ದವು. ಗಾಳಿ ಕದದಿಂದಲೇ ನುಗ್ಗಿತ್ತು. ಎಲ್ಲಕ್ಕಿಂತ ಮುಂದಿದ್ದ ಪಪ್ಪಾಯಿಯ ತೊಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಕುಳಿ ಇತ್ತು, ಹೆಬ್ಬೆರಳಿನಷ್ಟು. ಯಾರೂ ಒತ್ತದ ಹಣ್ಣಿನ ಮೇಲೆ ಹೆಬ್ಬೆರಳಿನ ಗುರುತು. ಸರಿಯಾಗಿ ಆ ಜಾಗದಲ್ಲಿ ಒತ್ತುವವರು ಶೆಡ್ಡಿನಲ್ಲಿ ಒಬ್ಬರೇ.

ಹೆಂಗಸರ ಮುಂದೆ ಅವಳು ತುಟಿಪಿಟಕ್ಕೆನ್ನಲಿಲ್ಲ. ಹಣ್ಣನ್ನು ಅಡುಗೆಮನೆಗೆ ತಂದು ಅತ್ತೆಯ ಮುಂದಿಟ್ಟಳು.

"ಅತ್ತೆ, ನಿಮ್ಮ ಕೆಮ್ಮು ಯಾವಾಗಿಂದ?"

ಅತ್ತೆ ಕುಳಿಯನ್ನು ನೋಡಿದರು, ತಮ್ಮ ಬೆರಳನ್ನು ನೋಡಿಕೊಂಡರು.

"ಒಂದೇ ಒಂದು ಕ್ಷಣ ಬಾಗಿಲು ತೆಗೆದೆ ಕಣಮ್ಮ. ಮುಟ್ಟದೇ ಇರೋ ಹಣ್ಣು ಒಳಗಿದೆ ಅಂದ್ರೆ ನನಗೆ ಕೂತಲ್ಲಿ ಕೂರಕ್ಕಾಗಲಿಲ್ಲ. ಪಾಪ, ಉಸಿರು ಕಟ್ಟಿರತ್ತೆ ಅನ್ನಿಸ್ತು."

"ಹಣ್ಣಿಗಲ್ಲ, ನಿಮಗೇ ಉಸಿರು ಕಟ್ಟಿರೋದು. ಆ ಗ್ಯಾಸು ಇನ್ನೂ ಸ್ವಲ್ಪ ಗಂಟಲಿಗೆ ಹೋಗಿದ್ರೆ ಏನಾಗ್ತಿತ್ತು ಗೊತ್ತಾ? ಮೊದಲು ಡಾಕ್ಟರ ಹತ್ತಿರ ನಡೀರಿ. ಆಮೇಲೆ ನನಗೆ ಇನ್ನೊಂದು ಸಲ ಬೇಕು."

"ಇನ್ನೊಂದು ಸಲಾನೂ ಸುಟ್ಟುಹೋದ್ರೆ ಕೋಣೆ ಈರುಳ್ಳಿಗೆ. ಆಮೇಲೆ ಮುಖ ಊದಿಸ್ಕೋಬಾರದು."

"ಆಗಲಿ."

"ಬೀಗದ ಕೈ ನೀನೇ ಇಟ್ಕೋ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

"ಬೇಡ," ಎಂದಳು ಸೊಸೆ. "ನಿಮ್ಮ ಹತ್ರಾನೇ ಇರಲಿ. ಒಳಗೆ ಏನಾಗತ್ತೆ ಅಂತ ಗೊತ್ತಿದ್ರೆ ನೀವು ತೆಗೆಯಲ್ಲ."

ಅವಳು ಅತ್ತೆಗೆ ಮೀಟರನ್ನು ತೋರಿಸಿದಳು. ಸಾರಜನಕ ತುಂಬಿದಂತೆ ಆಮ್ಲಜನಕ ತೋರಿಸುವ ಮುಳ್ಳು ಇಳಿಯುವುದನ್ನು, ಪೂರ್ತಿ ಇಳಿದ ಮೇಲೆಯೇ ಆ ಚಿಟಿಕೆ ಅನಿಲ ಬಿಡುವುದನ್ನು, ಕೊನೆಗೆ ಮತ್ತೆ ಸಾರಜನಕ ಹಾಯಿಸಿ ಅದನ್ನು ಹೊರಗೆ ಕಳಿಸುವುದನ್ನು ಬಿಡಿಸಿ ಹೇಳಿದಳು. ಅತ್ತೆ ಎಡವಟ್ಟು ಪ್ರಶ್ನೆಗಳನ್ನೂ ಕೇಳಿದರು, ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದರು.

ಎರಡನೇ ಸಲ ಅನಿಲ ಬಿಟ್ಟ ಮೇಲೆ ಅತ್ತೆ ಖಾಲಿ ಪೆಟ್ಟಿಗೆಯೊಂದನ್ನು ಕದಕ್ಕೆ ಅಡ್ಡಲಾಗಿ ಹಾಕಿಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು. ಈರುಳ್ಳಿ ವ್ಯಾಪಾರಿ ಬರುವುದಕ್ಕೆ ಅದೇ ಹೊತ್ತು ಸಿಗಬೇಕೇ? ಅವನ ಕೈಯಲ್ಲಿ ಅಳತೆ ಟೇಪು ಬೇರೆ.

"ಒಂದು ನಿಮಿಷ ಬಾಗಿಲು ತೆಗೀರಿ ಅಮ್ಮ. ಅಗಲ ನೋಡ್ಕೊಂಡು ಹೋಗ್ತೀನಿ."

"ಆಗಲ್ಲ."

"ಹೋದ ಸಲಾನೇ ಎಲ್ಲ ಸುಟ್ಟುಹೋಯ್ತಲ್ಲ? ಆ ಗ್ಯಾಸಮ್ಮನ ಆಟ ಇನ್ನೂ ಮುಗಿದಿಲ್ವಾ?"

ಹೆಂಗಸರ ಕೈಗಳು ನಿಂತವು. ಮೀಟರಿನ ಹತ್ತಿರವಿದ್ದ ಸೊಸೆ ತಲೆ ಎತ್ತಿ ನೋಡಿದಳು. ಅತ್ತೆ ಕೂತಲ್ಲಿಂದ ಕದಲಲಿಲ್ಲ.

"ಹೋದ ಸಲ ಬಾಗಿಲು ತೆಗೆದು ಹಣ್ಣು ಸುಟ್ಟವಳು ನಾನು," ಎಂದರು, ಇಡೀ ಶೆಡ್ಡಿಗೆ ಕೇಳುವಂತೆ. "ನನ್ನ ಸೊಸೆ ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇವತ್ತು ಈ ಬಾಗಿಲು ತೆಗೀಬೇಕಾದ್ರೆ ಮೊದಲು ನನ್ನನ್ನ ಎತ್ತಿ ಆಚೆ ಇಡು. ನಿನ್ನ ಸೊಂಟಕ್ಕೆ ಅದು ಆಗೋ ಕೆಲಸ ಅಲ್ಲ."

ವ್ಯಾಪಾರಿ ಟೇಪು ಸುತ್ತಿಕೊಂಡು ಹೋದ. ಸೊಸೆ ಮೀಟರಿನ ಮೇಲೆ ಬಗ್ಗಿದಳು. ಕಣ್ಣು ತುಂಬಿ ಸ್ವಲ್ಪ ಹೊತ್ತು ಮುಳ್ಳೇ ಕಾಣಿಸಲಿಲ್ಲ.

ಆಮೇಲೆ ಕೋಣೆಯಿಂದ ತೆಗೆದ ಆ ಹಣ್ಣನ್ನೂ, ಅನಿಲ ಕಾಣದ ಅದೇ ತೋಟದ ಹಣ್ಣನ್ನೂ ತಣ್ಣನೆಯ ಕೋಣೆಯಲ್ಲಿ ಅಕ್ಕಪಕ್ಕ ಇಟ್ಟರು. ಹಡಗು ದಡ ಸೇರುವಷ್ಟು ದಿನ ಕಾದರು. ಅಷ್ಟೂ ದಿನ ಅತ್ತೆ ಆ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ಕೈ ಕಟ್ಟಿಕೊಂಡೇ ಹೋದರು.

ಪೆಟ್ಟಿಗೆ ತೆರೆದ ದಿನ ಯಾರೂ ಕರೆಯದಿದ್ದರೂ ಶೆಡ್ಡಿಗೆ ಶೆಡ್ಡೇ ಬಂದು ನಿಂತಿತ್ತು. ಅನಿಲ ಕಾಣದ ಹಣ್ಣು ಹಳದಿಯಾಗಿ, ತನ್ನ ಭಾರಕ್ಕೆ ತಾನೇ ಕುಸಿದಿತ್ತು. ಇನ್ನೊಂದು ಪೆಟ್ಟಿಗೆಯವು ಹಸಿರಾಗಿದ್ದವು. ತುದಿಯಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಹಳದಿ ಗೆರೆ. ಕಲೆಯ ಸುಳಿವೇ ಇಲ್ಲ.

ಎಲ್ಲರೂ ಅತ್ತೆಯ ಹೆಬ್ಬೆರಳಿಗಾಗಿ ಕಾದರು. ಅತ್ತೆ ಒಂದು ಹಣ್ಣನ್ನು ಎತ್ತಿದರು. ಒತ್ತಲಿಲ್ಲ. ಸೊಸೆಯ ಅಂಗೈಯಲ್ಲಿಟ್ಟು, ಅವಳ ಹೆಬ್ಬೆರಳನ್ನು ಹಿಡಿದು ತೊಟ್ಟಿನ ಪಕ್ಕಕ್ಕೆ ತಂದರು.

"ಇಲ್ಲಿ. ಮೆಲ್ಲಗೆ. ಹಣ್ಣಿಗೆ ಗೊತ್ತಾಗಬಾರದು."

ಸೊಸೆ ಒತ್ತಿದಳು.

"ಎಲ್ಲಿಗೆ?" ಎಂದು ಕೇಳಿದರು ಅತ್ತೆ.

"ದೂರಕ್ಕೆ," ಎಂದಳು ಸೊಸೆ.

ಅತ್ತೆ ಆ ಹಣ್ಣನ್ನು ಮತ್ತೆ ಮುಟ್ಟಿ ನೋಡಲಿಲ್ಲ. ಪೆಟ್ಟಿಗೆ ಮುಚ್ಚಿ ಎಂದು ಹೆಂಗಸರಿಗೆ ಹೇಳಿದರು.