ಉಳಿದುಹೋದ ಗಾಜು

ಒಡೆಯುವುದಕ್ಕೆಂದೇ ಗಾಜು ಮಾಡುವುದು ನನ್ನ ಕಸುಬು. ಸಿನಿಮಾದಲ್ಲಿ ನಾಯಕ ಕಿಟಕಿಗೆ ಗುದ್ದಿ ಒಳಗೆ ನುಗ್ಗುತ್ತಾನಲ್ಲ, ಖಳನ ನೆತ್ತಿಯ ಮೇಲೆ ಬಾಟಲಿ ಚೂರುಚೂರಾಗುತ್ತದಲ್ಲ, ಅದೆಲ್ಲ ಬರೀ ಸಕ್ಕರೆ. ಸಕ್ಕರೆ, ನೀರು, ಗ್ಲೂಕೋಸ್ ಸೇರಿಸಿ ಕುದಿಸಬೇಕು. ಎಳೆ ಪಾಕ ದಾಟಿ, ಉಂಡೆ ಪಾಕ ದಾಟಿ, ತಣ್ಣೀರಿಗೆ ಬಿಟ್ಟ ಹನಿ ಟಿಕ್ಕೆಂದು ಮುರಿಯುವ ಹದ ಬಂದಾಗ ಎಣ್ಣೆ ಸವರಿದ ತಗಡಿಗೆ ಸುರಿಯಬೇಕು. ಕೊಂಚ ತಡವಾದರೂ ಕಂದು ಬಣ್ಣ ಬಂದುಬಿಡುತ್ತದೆ. ಆಮೇಲೆ ಅದರಿಂದ ಬಾಟಲಿ ಮಾಡಬಹುದೇ ಹೊರತು ಕಿಟಕಿ ಮಾಡುವಂತಿಲ್ಲ. ಕೈ ಸುಟ್ಟುಕೊಳ್ಳದೆ ಮನೆಗೆ ಹೋದ ದಿನ ಕಡಿಮೆ. ನನ್ನ ಶೆಡ್ಡಿನಲ್ಲಿರುವಷ್ಟು ಕೊಬ್ಬಿದ ಇರುವೆಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಕ್ಕನ ಮಗ ಬೆಳೆದದ್ದು ಈ ಶೆಡ್ಡಿನಲ್ಲೇ. ಅಕ್ಕ ಆಸ್ಪತ್ರೆಯ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಹೊರಟಾಗ ಅವನನ್ನು ಚಿಕ್ಕಮ್ಮನಾದ ನನ್ನ ಕೈಗೆ ದಾಟಿಸಿ ಹೋಗುತ್ತಿದ್ದಳು. ಗುಳ್ಳೆ ಬಂದ ಗಾಜು, ಡೊಂಕಾದ ಗಾಜು ಎಲ್ಲ ಅವನ ಪಾಲು. ಮುಷ್ಟಿ ಬಿಗಿದು, ಬಾಯಲ್ಲೇ ಢಿಶುಂ ಎಂದು ಸದ್ದು ಮಾಡಿಕೊಂಡು ಗುದ್ದುವುದು, ಬಿದ್ದ ಚೂರನ್ನು ಆರಿಸಿ ಚೀಪುವುದು. ಅವನ ಹಲ್ಲು ಹುಳುಕಾದದ್ದಕ್ಕೆ ಅಕ್ಕ ಬೈಯುತ್ತಿದ್ದದ್ದು ನನ್ನನ್ನೇ.

ಹೋದ ವರ್ಷ ಒಂದು ಸಿನಿಮಾದವರು ಕಿಟಕಿ ಗಾಜು ಬೇಕೆಂದರು. ವಿಶ್ವವಿದ್ಯಾಲಯದ ಹುಡುಗರ ಗುಂಪೊಂದು ಕಳ್ಳತನ ಮಾಡುವ ಕಥೆ. ನಾಯಕ ಅಂಗಿಯ ಬಲತೋಳು ಮಡಿಚಿ, ಗಾಜಿಗೆ ಬರಿಗೈಯಲ್ಲಿ ಗುದ್ದಿ, ಒಳಗಿನ ಚಿಲಕ ತೆಗೆಯಬೇಕು. ಸರಿಯಾಗಿ ಬರಲು ಹತ್ತಾರು ಸಲ ಗುದ್ದಬೇಕಾಗುತ್ತದೆ ಎಂದುಕೊಂಡು ನಾನು ಬೇಕಾದಷ್ಟು ಗಾಜು ಒಯ್ದಿದ್ದೆ. ಆ ನಟ ಪುಣ್ಯಾತ್ಮ, ಬೇಗ ಮುಗಿಸಿಬಿಟ್ಟ. ಒಂದು ಗಾಜು ಉಳಿಯಿತು.

ಸಕ್ಕರೆ ಗಾಜನ್ನು ನಾಳೆಗೆ ಇಡುವ ಹಾಗಿಲ್ಲ. ಗಾಳಿಯ ತೇವ ಹೀರಿ ಮಂಕಾಗುತ್ತದೆ, ದೀಪಗಳ ಶಾಖಕ್ಕೆ ಬಾಗುತ್ತದೆ. ಎಸೆಯೋಣವೆಂದರೆ ನಿರ್ದೇಶಕ ಬಿಡಲೊಲ್ಲ. ಬಿದ್ದ ಮೊಳೆಯನ್ನೂ ಎತ್ತಿ ಜೇಬಿಗೆ ಹಾಕಿಕೊಳ್ಳುವ ಜಿಪುಣ. ಗಡ್ಡ ಕೆರೆಯುತ್ತ ಗಾಜಿನ ಸುತ್ತ ಓಡಾಡಿ ಅಲ್ಲೇ ಒಂದು ದೃಶ್ಯ ಹೊಸೆದ. ಎಲ್ಲರೂ ಓಡಿಹೋಗಿದ್ದಾರೆ. ಒಬ್ಬ ಗೆಳೆಯ ಬಿದ್ದ ಕಪಾಟಿನಡಿ ಸಿಕ್ಕಿಕೊಂಡಿದ್ದಾನೆ. ರಸ್ತೆ ಮುಟ್ಟಿದ ನಾಯಕ ನಿಲ್ಲುತ್ತಾನೆ, ತಿರುಗುತ್ತಾನೆ, ಇನ್ನೊಂದು ಕಿಟಕಿ ಒಡೆದು ಅವನಿಗಾಗಿ ವಾಪಸ್ ಬರುತ್ತಾನೆ. ಬರೆದ ಕಥೆಯಲ್ಲಿ ಇದರ ಸುಳಿವೇ ಇರಲಿಲ್ಲ. ಮನೆಗೆ ಹೊರಡುವ ಹೊತ್ತಿಗೇ ಈ ಮನುಷ್ಯನಿಗೆ ಬುದ್ಧಿ ಓಡಬೇಕೇ ಎಂದು ಗೊಣಗುತ್ತ ನಾನು ಗಾಜನ್ನು ಚೌಕಟ್ಟಿಗೆ ಕೂರಿಸಿದೆ, ಬಸ್ಸು ತಪ್ಪಿಸಿಕೊಂಡೆ.

ಸಿನಿಮಾ ಓಡಿತು ಅಂದರೆ ಹಾಗೆ ಹೀಗೆ ಓಡಲಿಲ್ಲ. ನಮ್ಮ ಹುಡುಗನ ವಿಶ್ವವಿದ್ಯಾಲಯದಲ್ಲಿ ಅಂಗಿಯ ಬಲತೋಳು ಮಾತ್ರ ಮಡಿಚಿದವರೇ ಎಲ್ಲ ಕಡೆ. ಅದರ ಮಾತುಗಳನ್ನೇ ಆಡುವುದು, ಅದರ ನಡಿಗೆಯನ್ನೇ ನಡೆಯುವುದು. ಕ್ಯಾಂಟೀನಿನ ಚಮಚ, ಗ್ರಂಥಾಲಯದ ಗಡಿಯಾರ, ಯಾರದೋ ಸೈಕಲ್ಲು ಒಂದೊಂದಾಗಿ ಮಾಯವಾದವು. ಇಷ್ಟಕ್ಕೇ ನಿಂತಿದ್ದರೆ ಹುಡುಗಾಟ ಅನ್ನಬಹುದಿತ್ತು.

ಒಂದು ಭಾನುವಾರ ಮಧ್ಯಾಹ್ನ ನನ್ನ ಮಗ ಮೂವರನ್ನು ಕಟ್ಟಿಕೊಂಡು ಪ್ರಶ್ನೆಪತ್ರಿಕೆ ಕದಿಯಲು ಪರೀಕ್ಷಾ ವಿಭಾಗಕ್ಕೆ ಹೋದ. ಅಕ್ಕನ ಮಗನಾದರೂ ನನ್ನ ಬಾಯಿಗೆ ಬರುವುದು ಮಗ ಎಂದೇ. ಯೋಜನೆಯೆಲ್ಲ ಅವನದೇ. ಹಿಂದಿನ ಕಿಟಕಿಯ ಮುಂದೆ ನಿಂತು, ತೋಳು ಮಡಿಚಿ, ಗುದ್ದಿದ. ಅದು ನಿಜವಾದ ಗಾಜು. ಮಣಿಕಟ್ಟಿನಿಂದ ಅಂಗೈವರೆಗೂ ಸೀಳಿತು. ರಕ್ತ ಚಿಮ್ಮಿದ್ದು ಕಂಡು ಮೂವರೂ ಕಾಲಿಗೆ ಬುದ್ಧಿ ಹೇಳಿದರು. ಅವರಲ್ಲಿ ಒಬ್ಬ ಮಾತ್ರ ತಿರುಗಿ ಬಂದ. ಎಲ್ಲರೂ ಅವನನ್ನು ಕಡ್ಡಿ ಅನ್ನುತ್ತಾರೆ, ಮೈಯೂ ಹಾಗೇ ಇದೆ. ತನ್ನ ಅಂಗಿ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದು, ಕಾವಲುಗಾರ ಕೇಳಿಸಿಕೊಳ್ಳುವವರೆಗೂ ಕೂಗಿದ. ಸಿಕ್ಕಿಬಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಕೂದಲೆಳೆಯಂಥ ದಾರದಿಂದ ನರಗಳನ್ನು ಹೊಲಿದರು. ಅಷ್ಟು ಸಣ್ಣ ಕೆಲಸ ಮಾಡುವ ಕೈಗಳನ್ನು ಕಂಡು, ಕೈಕೆಲಸದವಳಾದ ನಾನು ನನ್ನ ಸುಟ್ಟ ಬೆರಳುಗಳನ್ನು ನೋಡಿಕೊಂಡೆ. ಆ ಹುಡುಗ ಒತ್ತಿ ಹಿಡಿಯದೆ ಇದ್ದಿದ್ದರೆ ನಾನು ಹೊಲಿಯುವುದಕ್ಕೆ ಏನೂ ಇರುತ್ತಿರಲಿಲ್ಲ ಎಂದರು ಅವರು.

ಎಚ್ಚರವಾದ ಮೇಲೆ ನಾನು ಕೇಳಿದೆ, ಸಿನಿಮಾದ ಗಾಜು ಬರೀ ಸಕ್ಕರೆ ಅಂತ ಚೀಪಿಕೊಂಡು ಬೆಳೆದವನಲ್ಲವೇನೋ ನೀನು, ಲೋಕಕ್ಕೆಲ್ಲ ಗೊತ್ತಿಲ್ಲದಿದ್ದರೂ ನಿನಗೆ ಗೊತ್ತಿತ್ತಲ್ಲ, ಎಂದು.

"ತಲೆಗೆ ಗೊತ್ತಿತ್ತು ಚಿಕ್ಕಮ್ಮ," ಅಂದ. "ಕೈಗೆ ಗೊತ್ತಿರಲಿಲ್ಲ."

ಬೇರೆ ಯಾವ ಹುಡುಗನಾದರೂ ಕಲ್ಲೆತ್ತಿಕೊಳ್ಳುತ್ತಿದ್ದ, ಇಲ್ಲವೇ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಚಿಕ್ಕಂದಿನಿಂದ ಗುದ್ದಿದ ಗಾಜೆಲ್ಲ ಪುಡಿಯಾಗಿದ್ದದ್ದು ಇವನ ಕೈಯೊಂದಕ್ಕೇ.

ವಿಚಾರಣೆಗೆ ಒಂದು ಸಮಿತಿ ಕೂಡಿತು. ಮುಂದಾಳು ಯಾರೆಂದು ಗೊತ್ತಾದರೆ ಅವನನ್ನು ಹೊರಹಾಕಿ ಪೊಲೀಸರಿಗೆ ಒಪ್ಪಿಸುವುದು, ಜೊತೆಗೆ ಹೋದವನಿಗೆ ಬುದ್ಧಿ ಹೇಳಿ ಬಿಡುವುದು, ಇದು ಅವರ ಲೆಕ್ಕ. ಇದನ್ನು ಕೇಳಿದ್ದೇ ಅಕ್ಕ ಮಗನ ಕಿವಿ ಹಿಡಿದು ಕೂತಳು. ಕಡ್ಡಿಯೇ ಎಳಕೊಂಡು ಹೋದ ಅಂತ ಹೇಳು ಎಂದಳು. ಅವರಪ್ಪ ಲಾರಿ ಓಡಿಸುವವನು, ಅವರಿಗೆ ಹೋಗುವ ಮಾನವೇನು ಎಂದೂ ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದರೂ ನನಗೆ ಮೈ ಉರಿಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಕ್ಕ ಎಂದೆ. ಉಪ್ಪಲ್ಲ, ನೀನು ತಿನ್ನಿಸಿದ ಸಕ್ಕರೆ ಎಂದಳು. ಮಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಒಂದು ಕಾಲು ಅಲ್ಲಾಡುವ ಬೆಂಚು. ಬೆಂಚಿನ ಈ ತುದಿಯಲ್ಲಿ ನಾವು ಮೂವರು, ಆ ತುದಿಯಲ್ಲಿ ಕಡ್ಡಿ ಮತ್ತು ಅವನಪ್ಪ. ಲಾರಿಯವರು ಮಂಡಿಯ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದರು. ಕುಲಸಚಿವರು ಮೊದಲು ಸಿನಿಮಾಗಳಿಗೆ ಒಂದಷ್ಟು ಉಗಿದರು. ಪರದೆ ನೋಡಿ ಹುಡುಗರು ಕೆಟ್ಟು ಕೆರ ಹಿಡಿದಿದ್ದಾರೆ, ಸ್ವಂತ ಬುದ್ಧಿ ಸತ್ತಿದೆ, ಕಳ್ಳನೇ ಇವರಿಗೆ ದೇವರಾಗಿದ್ದಾನೆ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಬ್ಯಾಂಡೇಜು ಸುತ್ತಿದ ಸಾಕ್ಷಿ ನನ್ನ ಪಕ್ಕದಲ್ಲೇ ಕೂತಿತ್ತು.

ಆಮೇಲೆ ಕಡ್ಡಿಯನ್ನು ಎಬ್ಬಿಸಿದರು. ಹೋಗಿದ್ದು ನಿಜ ಎಂದ. ಹೆದರಿ ಓಡಿದ್ದೂ ನಿಜ ಎಂದ. ಉಳಿದಿಬ್ಬರ ಹೆಸರು ಕೇಳಿದಾಗ ಬಾಯಿಗೆ ಬೀಗ ಹಾಕಿಕೊಂಡ. ಸಮಿತಿಯಲ್ಲಿದ್ದ ಪ್ರಾಧ್ಯಾಪಕಿಯೊಬ್ಬರು ಕನ್ನಡಕ ತೆಗೆದು, ಗೇಟು ದಾಟಿ ಆಗಿತ್ತು, ಯಾರೂ ನಿನ್ನ ನೋಡಿರಲಿಲ್ಲ, ಮತ್ತೆ ಯಾಕೆ ಬಂದೆ ಎಂದು ಕೇಳಿದರು.

"ಬಸ್ಸು ಬಂದಿತ್ತು ಮೇಡಂ. ಹತ್ತೋಕೆ ಅಂತ ಕಾಲೂ ಎತ್ತಿದ್ದೆ. ಆವಾಗ ಅದು ನೆನಪಾಯ್ತು."

"ಯಾವುದು?"

"ಸಿನಿಮಾದಲ್ಲಿ ಅವನು ವಾಪಸ್ ಬರ್ತಾನಲ್ಲ, ಫ್ರೆಂಡಿಗೋಸ್ಕರ. ಅದು. ಅದು ಕಣ್ಣ ಮುಂದೆ ಬಂದ್ಮೇಲೆ ಬಸ್ ಹತ್ತೋಕಾಗ್ಲಿಲ್ಲ."

ಕುಲಸಚಿವರು ತಮ್ಮ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ನನಗೆ ಚಿತ್ರೀಕರಣದ ಆ ಸಂಜೆ ಕಂಡಿತು: ದೀಪಗಳ ಶಾಖಕ್ಕೆ ಬೆವರಲು ಶುರುಮಾಡಿದ್ದ ಗಾಜು, ಅದರ ಸುತ್ತ ಗಡ್ಡ ಕೆರೆಯುತ್ತಿದ್ದ ಜಿಪುಣ, ಬಸ್ಸು ತಪ್ಪಿತೆಂದು ಗೊಣಗುತ್ತಿದ್ದ ನಾನು. ಎಸೆಯಬೇಕಾಗಿದ್ದ ಒಂದು ಹಾಳೆ ಸಕ್ಕರೆ. ಅದು ಯಾವುದೋ ರಸ್ತೆಯಲ್ಲಿ, ಯಾವುದೋ ಬಸ್ಸಿನ ಮೆಟ್ಟಿಲ ಮೇಲಿದ್ದ ಒಂದು ಕಾಲನ್ನು ಹಿಡಿದು ಕೆಳಗಿಳಿಸಿತ್ತು. ನನ್ನ ಮಗನನ್ನು ಬರಿಗೈಯಲ್ಲಿ ಗುದ್ದುವಂತೆ ಮಾಡಿದ್ದು ನನ್ನ ಒಂದು ಗಾಜಾದರೆ ಜೀವ ಉಳಿಸಿದ್ದು ಇನ್ನೊಂದು; ಎರಡನ್ನೂ ಕುದಿಸಿದ ಪಾತ್ರೆ ಒಂದೇ. ನಾನು ದೊಡ್ಡ ದೊಡ್ಡ ಮಾತಾಡುವವಳಲ್ಲ. ಅವತ್ತು ಮಾತ್ರ ಯಾರಿಗೆ ಎಂದು ತಿಳಿಯದೆಯೇ ಕೈ ಮುಗಿಯಬೇಕು ಅನ್ನಿಸಿತು.

ಮಗನ ಸರದಿ ಬಂತು. ಅಕ್ಕ ಅವನ ತೊಡೆ ಚಿವುಟಿದ್ದು ನನಗೆ ಕಂಡಿತು. ಅವನು ಎದ್ದು ಕಡ್ಡಿಯ ಕಡೆ ನೋಡಿದ. ಕಡ್ಡಿ ನೋಡಲಿಲ್ಲ, ಅಪ್ಪನ ಹಾಗೆ ನೆಲ ನೋಡುತ್ತಿದ್ದ.

"ಪ್ಲಾನ್ ನಂದು ಸಾರ್," ಅಂದ ಮಗ. "ಇವನು ಬೇಡ ಬೇಡ ಅಂದ. ಹೇಡಿ ಅಂತ ರೇಗಿಸಿ ಕರ್ಕೊಂಡು ಹೋದೆ. ಇವನದೇನೂ ತಪ್ಪಿಲ್ಲ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಲಾರಿಯವರು ಮೊದಲ ಸಲ ತಲೆಯೆತ್ತಿದರು. ಉಳಿದಿಬ್ಬರ ಹೆಸರನ್ನು ಇವನೂ ಹೇಳಲಿಲ್ಲ. ಅದನ್ನೂ ಆ ಸಿನಿಮಾದಿಂದಲೇ ಕಲಿತಿರಬೇಕು ಎಂದು ಕುಲಸಚಿವರು ಸಿಡುಕಿದರು. ಆದರೆ ಆ ಸಿಡುಕಿನಲ್ಲಿ ಮೊದಲಿನ ಕಸುವು ಇರಲಿಲ್ಲ.

ಮಗನನ್ನು ಹೊರಹಾಕಿದರು. ಠಾಣೆ, ವಕೀಲರು, ಜಾಮೀನು ಎಲ್ಲ ಆಯಿತು. ಕೇಸು ಇನ್ನೂ ನಡೆಯುತ್ತಿದೆ. ಕಡ್ಡಿಗೆ ಎಚ್ಚರಿಕೆ ಕೊಟ್ಟು ತರಗತಿಗೆ ಕಳಿಸಿದರು. ಅಕ್ಕ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ, ಮಗನನ್ನು ಮಾತ್ರ ಬೆಳಗಾದರೆ ಶೆಡ್ಡಿಗೆ ಕಳಿಸುತ್ತಾಳೆ. ಅವಳ ಮುನಿಸು ಚಿಕ್ಕಂದಿನಿಂದ ಹೀಗೇ.

ನಾನು ಮಾಡಿದ ಗಾಜು ಒಡೆಯುವುದನ್ನು ಅಷ್ಟು ವರ್ಷ ಶೆಡ್ಡಿನಲ್ಲಿ, ಚಿತ್ರೀಕರಣದಲ್ಲಿ ಮಾತ್ರ ನೋಡಿದ್ದೆ. ಆ ಸಿನಿಮಾವನ್ನು ಟಾಕೀಸಿನಿಂದ ಎತ್ತಿಬಿಡುವ ಮುಂಚೆ ಒಂದು ಮಧ್ಯಾಹ್ನದ ಆಟಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ನಾಯಕ ವಾಪಸ್ ಬರುವ ದೃಶ್ಯ ಬಂದಾಗ ಪರದೆಗೆ ಬೆನ್ನು ಹಾಕಿ ಜನರನ್ನು ನೋಡಿದೆ. ಅಷ್ಟೂ ಮುಖಗಳ ಮೇಲೆ ಒಂದೇ ಬೆಳಕು. ಕಡಲೆಕಾಯಿ ಬಾಯಿಗೆ ಹಾಕಿಕೊಳ್ಳಲು ಹೋದ ಕೈಗಳು ಅಲ್ಲಲ್ಲೇ ನಿಂತಿದ್ದವು. ಗಾಜು ಒಡೆದ ಸದ್ದಿಗೆ ಇಡೀ ಹಾಲ್ ಒಟ್ಟಿಗೆ ಉಸಿರು ಬಿಟ್ಟಿತು. ಯಾವ ಉಸಿರು ಯಾವ ಕಿಟಕಿಯ ಮುಂದೆ, ಯಾವ ಬಸ್ಸಿನ ಮುಂದೆ ಹೋಗಿ ನಿಲ್ಲುತ್ತದೋ ಬಲ್ಲವರಾರು. ಹೆದರಿಕೆಯೂ ಆಯಿತು, ಕಣ್ಣೂ ತುಂಬಿತು.

ಈಗ ಪಾಕ ಸುರಿಯುವುದು ಮಗನೇ. ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ. ಎಡಗೈಯಲ್ಲಿ ಹದ ಕಲಿತಿದ್ದಾನೆ. ಕಡ್ಡಿ ತರಗತಿ ಮುಗಿಸಿಕೊಂಡು ಬಂದು ತಗಡಿಗೆ ಎಣ್ಣೆ ಸವರುತ್ತಾನೆ, ಅವನ ಹೊಟ್ಟೆಗೆ ಹೋಗುವ ಚೂರುಗಳೇ ಹೆಚ್ಚು. ಮೊನ್ನೆ ಅದೇ ಜಿಪುಣ ನಿರ್ದೇಶಕ ಹೊಸ ಸಿನಿಮಾಕ್ಕೆ ಗಾಜು ಹೇಳಿಕಳಿಸಿದ, ಎಷ್ಟು ಬೇಕೋ ಅಷ್ಟೇ ಮಾಡಿ ಎಂದು ಒತ್ತಿ ಒತ್ತಿ ಹೇಳಿದ. ಪೆಟ್ಟಿಗೆಗೆ ತುಂಬುವಾಗ ಮಗ ಕೈ ತಡೆದ.

"ಚಿಕ್ಕಮ್ಮ, ಹೇಳಿದ್ದಕ್ಕಿಂತ ಒಂದು ಜಾಸ್ತಿ ಇದೆ."

"ಗೊತ್ತು," ಅಂದೆ. "ಇಡು."